ದಾದಾಪೀರ ಬಿಟ್ಟು ಓದಿದ ಸಾಲುಗಳು

ಬೆಟಗೇರಿಯ ನೇಕಾರರ ಓಣಿಯಲ್ಲಿ ಬಣ್ಣಗಾರ ದಾದಾಪೀರನಿಗೆ ಎರಡು ಗುರುತುಗಳಿದ್ದವು. ಎಷ್ಟು ತಿಕ್ಕಿ ತೊಳೆದರೂ ಮೊಣಕೈಯಿಂದ ಕೆಳಗೆ ಹೋಗದ ನೂಲಿನ ಬಣ್ಣ ಒಂದು. ಆರು ಮಗ್ಗಗಳ ಸದ್ದನ್ನು ದಾಟಿ ಕೇಳುವ ಅವನ ಧ್ವನಿ ಇನ್ನೊಂದು.

ಆ ಧ್ವನಿಗೆ ಅಲ್ಲಿ ಕೆಲಸವಿತ್ತು. ಕಲ್ಲಣ್ಣನ ಹಿರಿತನದಲ್ಲಿ ಆರು ಕೈಮಗ್ಗಗಳು ನಡೆಯುತ್ತಿದ್ದ ಆ ಉದ್ದನೆಯ ಶೆಡ್ಡಿನಲ್ಲಿ ಹಳೆಯ ರೂಢಿಯೊಂದಿತ್ತು. ನೇಯುವವರ ಕೈಕಾಲುಗಳಿಗೆ ಬಿಡುವಿಲ್ಲ, ಕಣ್ಣು ಎಳೆಯ ಮೇಲಿರಬೇಕು; ಪತ್ರಿಕೆ ಹಿಡಿದು ಓದುವಂತಿಲ್ಲ. ಕಿವಿ ಮಾತ್ರ ಖಾಲಿ. ಆದ್ದರಿಂದ ಓದು ಬಲ್ಲ ಒಬ್ಬನು ದಿನವೂ ಬೆಳಿಗ್ಗೆ ಹತ್ತು ಗಂಟೆಗೆ ಬಾಗಿಲ ಬಳಿಯ ಕಲ್ಲಿನ ಮೇಲೆ ಕುಳಿತು ಪತ್ರಿಕೆಯನ್ನು ಮೊದಲಿನಿಂದ ಕೊನೆಯವರೆಗೆ ಗಟ್ಟಿಯಾಗಿ ಓದುತ್ತಿದ್ದನು. ಮೊದಲು ಓದುತ್ತಿದ್ದ ಮುದುಕ ತೀರಿಕೊಂಡ ಮೇಲೆ ಆ ಕಲ್ಲು ದಾದಾಪೀರನ ಪಾಲಿಗೆ ಬಂತು. ಕನ್ನಡ ಶಾಲೆಯಲ್ಲಿ ಏಳನೆಯ ಇಯತ್ತೆಯವರೆಗೆ ಕಲಿತವನು. ಒತ್ತಕ್ಷರಗಳನ್ನು ಒತ್ತಿ, ಅಲ್ಪಪ್ರಾಣ ಮಹಾಪ್ರಾಣ ಬೇರೆಮಾಡಿ, ಪೂರ್ಣವಿರಾಮಕ್ಕೆ ಉಸಿರು ನಿಲ್ಲಿಸಿ ಓದುವವನು. ಒಣಗಿದ ನೂಲಿನ ಲಡಿಗಳನ್ನು ಹೆಗಲ ಮೇಲೆ ಹೊತ್ತು ತರುವನು, ಮಗ್ಗಗಳಿಗೆ ಹಂಚುವನು, ಆಮೇಲೆ ಕನ್ನಡಕ ಏರಿಸುವನು. ಓದುವವನಿಗೆ ಒಂದೇ ಕಟ್ಟಳೆ: ಪತ್ರಿಕೆಯಲ್ಲಿ ಇಲ್ಲದ್ದನ್ನು ಸೇರಿಸಬಾರದು, ಇದ್ದದ್ದನ್ನು ಬಿಡಬಾರದು. ಅಭಿಪ್ರಾಯವೇನಿದ್ದರೂ ಪತ್ರಿಕೆ ಮಡಿಸಿದ ಮೇಲೆ.

ಗದಗ ಹೊಸ ಜಿಲ್ಲೆಯಾಗಿ ಇನ್ನೂ ವರ್ಷ ತುಂಬಿರಲಿಲ್ಲ. ಮೇ ತಿಂಗಳ ಒಂದು ಬೆಳಿಗ್ಗೆ ದಾದಾಪೀರನು, ನಮ್ಮ ದೇಶ ಮರುಭೂಮಿಯ ನೆಲದಡಿಯಲ್ಲಿ ಅಣುಬಾಂಬು ಸಿಡಿಸಿ ಪರೀಕ್ಷಿಸಿದ ಸುದ್ದಿ ಓದಿದನು. ಹೊಳೆಯಪ್ಪನು ಮಗ್ಗದಿಂದ ಇಳಿದು ಓಡಿಹೋಗಿ ಪೇಡೆ ತಂದು ಹಂಚಿದನು. ಹೊಳೆಯಪ್ಪನಿಗೆ ಪೇಡೆ ತರಲು ಕಾರಣ ಯಾವುದಾದರೂ ನಡೆಯುತ್ತಿತ್ತು.

ಬಾಗಿಲಿಗೆ ಹತ್ತಿರದ ಮಗ್ಗ ದ್ಯಾಮವ್ವನದು. ಗಂಡ ತೀರಿಕೊಂಡ ಮೇಲೆ ಅವನ ಮಗ್ಗದಲ್ಲೇ ಕುಳಿತು ಒಬ್ಬ ಮಗನನ್ನು ಬೆಳೆಸಿದ ಹೆಂಗಸು. ಅವಳು ಪೇಡೆಯನ್ನು ಸೆರಗಿನ ತುದಿಗೆ ಕಟ್ಟಿಕೊಂಡು ಕೇಳಿದಳು:

“ಅಣ್ಣಾ, ಅದನ್ನ ಯಾರ ಮ್ಯಾಲೆ ಹಾಕ್ತಾರಂತ?”

“ಯಾರ ಮ್ಯಾಲೂ ಹಾಕೂದಿಲ್ಲಂತ ತಂಗಿ. ಬರೇ ಇಟ್ಕೊಳ್ಳಾಕ.”

“ಹಾಕದ್ದನ್ನ ಇಟ್ಕೊಳ್ಳಾಕ ಯಾಕ ಮಾಡ್ಯಾರ?”

“ನಿನ್ನ ಮಗಾ ಓದದ ಪುಸ್ತಕಾ ಚೀಲದಾಗ ಇಟ್ಕೊಂಡಿಲ್ಲೇನು, ಹಂಗ,” ಎಂದ ಹೊಳೆಯಪ್ಪ. ಎಲ್ಲರೂ ನಕ್ಕರು. ದ್ಯಾಮವ್ವನೂ ನಕ್ಕಳು. ಎರಡು ವಾರದ ಮೇಲೆ ಪಾಕಿಸ್ತಾನವೂ ಸಿಡಿಸಿತು. ಅಂದು ಯಾರೂ ಪೇಡೆ ತರಲಿಲ್ಲ.

ದ್ಯಾಮವ್ವನ ಮಗ ಸಂಜು ಆ ವರ್ಷದ ಕೊನೆಗೆ ಬೆಳಗಾವಿಯಲ್ಲಿ ಸೈನ್ಯಕ್ಕೆ ಭರ್ತಿಯಾದನು. ಮುಂದಿನ ಬೇಸಿಗೆಯಲ್ಲಿ ಕಾರ್ಗಿಲ್ಲಿನ ಗುಡ್ಡಗಳಲ್ಲಿ ಕಾಳಗ ಹತ್ತಿಕೊಂಡಾಗ ಅವನಿನ್ನೂ ತರಬೇತಿಯಲ್ಲಿದ್ದನು. ಆಗಲೇ ದಾದಾಪೀರನಿಗೆ ಒಂದು ಹೊಸ ಮಾತು ಎದುರಾಯಿತು. ಪತ್ರಿಕೆಯ ಸಂಪಾದಕೀಯದಲ್ಲಿ ‘ನ್ಯೂಕ್ಲಿಯರ್ ಎಸ್ಕಲೇಶನ್’ ಎಂದು ಬರೆದು, ‘ಅಣುಸಮರದ ಕಡೆಗೆ ಏರುತ್ತ ಹೋಗುವುದು’ ಎಂದು ಅರ್ಥ ಕೊಟ್ಟಿದ್ದರು. ಅವನು ಅದನ್ನು ಮನೆಯಲ್ಲಿ ಮೂರು ಸಲ ಓದಿದ ಮೇಲೆ ಶೆಡ್ಡಿಗೆ ತಂದನು.

“ಏನದು ಏರೂದು? ಗ್ವಾಡಿ ಏರ್ತಾರೇನು?” ಎಂದು ಕಲ್ಲಣ್ಣ ಕೇಳಿದನು.

ದಾದಾಪೀರನು ಪತ್ರಿಕೆ ಮಡಿಸಿ, ತನಗೆ ತಿಳಿದಂತೆ ಹೇಳಿದನು. “ನೋಡು ಕಲ್ಲಣ್ಣ, ಲಡಿನ ಬಣ್ಣದಾಗ ಒಂದ್ಸಲ ಅದ್ದಿದ್ರ ತೆಳು ಕೆಂಪು. ಎರಡ್ಸಲಕ್ಕ ಗಟ್ಟಿ ಕೆಂಪು. ಅದ್ದಕೋಂತ ಹೋದಂಗ ಕಪ್ಪಿಗೆ ಹೋಗತೈತಿ. ಹಂಗ ಇದು. ಒಬ್ಬಾಂವ ಧಮಕಿ ಕೊಟ್ಟ ಅನ್ನು. ಇನ್ನೊಬ್ಬ ಅದಕ್ಕ ಅಂಜಿ ಸುಮ್ಮನಾಗೂದಿಲ್ಲ, ಗಡಿಗೆ ದಂಡು ತರ್ತಾನ. ಇಂವ ಮತ್ತ ತೋಪು ತರ್ತಾನ. ಕಪ್ಪು ಯಾರಿಗೂ ಬೇಕಾಗಿಲ್ಲ. ಅಂವ ಮೊದ್ಲ ಕೈ ತಗೀತಾನಂತ ಇಂವ, ಇಂವ ತಗೀತಾನಂತ ಅಂವ. ಹಂಗ ಅಂದಕೋಂತನ ಇಬ್ರೂ ಅದ್ದತಾರ.”

“ಕಡೀಕ?”

“ಕಡೀಕ ಅಣುಬಾಂಬು. ಆದ್ರ ಬರೇ ಆ ಕಡೀದಕ್ಕ ಈ ಹೆಸರಲ್ಲ. ಮೊದಲನೇ ಅದ್ದಿಗೂ ಇದ ಹೆಸರು.”

“ತೊಳದ್ರ ಹೋಗೂದಿಲ್ಲೇನು?” ಎಂದಳು ದ್ಯಾಮವ್ವ.

ಅವನು ತನ್ನ ಎರಡೂ ಕೈಗಳನ್ನು ಅವಳ ಮುಂದೆ ಚಾಚಿ ತೋರಿಸಿದನು. ಶೆಡ್ಡು ಗೊಳ್ಳೆಂದು ನಕ್ಕಿತು.

ಬಿಟ್ಟು ಓದುವ ಚಟ ಹತ್ತಿದ್ದು ಅದೇ ಬೇಸಿಗೆಯಲ್ಲಿ. ಸತ್ತವರ ಸಂಖ್ಯೆ ಬಂದಾಗಲೆಲ್ಲ ಬಾಗಿಲ ಬಳಿಯ ಮಗ್ಗದ ಲಾಳಿ ನಿಲ್ಲುತ್ತಿತ್ತು. ಉಳಿದ ಐದು ಮಗ್ಗಗಳ ಸದ್ದಿನ ನಡುವೆ ಆ ಒಂದರ ಮೌನ ದಾದಾಪೀರನ ಕಿವಿಗೆ ಬಡಿಯುತ್ತಿತ್ತು. ಅವನು ಮೊದಲು ಸಂಖ್ಯೆಯ ಬದಲು ‘ಕೆಲವರು’ ಎಂದನು. ಆಮೇಲೆ ಆ ಸಾಲನ್ನೇ ದಾಟಿ ಕೆಳಗಿನ ಸಾಲಿಗೆ ಹೋಗತೊಡಗಿದನು. ಲಾಳಿ ನಿಲ್ಲಲಿಲ್ಲ. ಯಾರಿಗೂ ತಿಳಿಯಲಿಲ್ಲ. ಒಳ್ಳೆಯದನ್ನೇ ಮಾಡುತ್ತಿದ್ದೇನೆಂದು ಅವನಿಗೆ ಅನಿಸಿತು.

ಇನ್ನೊಂದು ಕಾರಣವೂ ಇತ್ತು. ಅದನ್ನು ಅವನು ತನ್ನ ಹೆಂಡತಿ ದಿಲಶಾದಬಿಗೂ ಹೇಳಿರಲಿಲ್ಲ. ಸೀರೆ ಒಯ್ಯಲು ಬರುತ್ತಿದ್ದ ಜವಳಿ ದಲಾಲನೊಬ್ಬ ಒಂದು ದಿನ ಓದು ಕೇಳುತ್ತ ನಿಂತಿದ್ದನು. ಓದು ಮುಗಿದ ಮೇಲೆ ಎಲೆ ಅಡಿಕೆ ಜಗಿಯುತ್ತ, “ಸಾಬರ ಬಾಯಾಗ ಪಾಕಿಸ್ತಾನದ ಹೆಸರು ಭಾಳ ಚಂದ ಬರತೈತಿ ಬಿಡ್ರಿ. ಒಂದಕ್ಷರಾ ತಪ್ಪಂಗಿಲ್ಲ!” ಎಂದನು. ಒಬ್ಬಿಬ್ಬರು ನಕ್ಕರು. ಕಲ್ಲಣ್ಣ ಮಾತ್ರ ಮಗ್ಗದಿಂದಲೇ ಗದರಿಸಿದನು: “ಏ, ಆಂವಾ ಗದಗ ಅಂತನೂ ಚಂದ ಓದ್ತಾನ, ಗೋದಿ ಧಾರಣಿನೂ ಚಂದ ಓದ್ತಾನ. ನಿನಗ ಓದಾಕ ಬರೂದಿಲ್ಲ ಅಂತ ಹೊಟ್ಟಿಕಿಚ್ಚು?” ದಲಾಲ ನಗುತ್ತ ಹೋದನು. ಆದರೆ ಆ ದಿನದಿಂದ ಗಡಿಯ ಸುದ್ದಿ ಬಂದಾಗ ದಾದಾಪೀರನ ಧ್ವನಿ ತಗ್ಗತೊಡಗಿತು. ಇಂಥ ಸುದ್ದಿ ತನ್ನ ಬಾಯಲ್ಲಿ ಎಷ್ಟು ಕಡಿಮೆ ಬಂದರೆ ಅಷ್ಟು ನೆಮ್ಮದಿ ಎನಿಸಿತು. ಕನಿಕರ ಎಷ್ಟು, ಅಂಜಿಕೆ ಎಷ್ಟು ಎಂದು ಅವನೇ ಬೇರೆಮಾಡಿ ನೋಡಲಿಲ್ಲ.

ಎರಡು ಸಾವಿರದ ಒಂದನೆಯ ಇಸವಿಯ ದೀಪಾವಳಿಗೆ ಸಂಜುವಿಗೆ ಅಸುಂಡಿಯ ಮೇಘಾ ಎಂಬ ಹುಡುಗಿಯನ್ನು ಗೊತ್ತುಮಾಡಿದರು. ಯುಗಾದಿಯಾದ ಮೇಲೆ ಮದುವೆ. ದ್ಯಾಮವ್ವನ ಮನೆತನದಲ್ಲಿ ಒಂದು ಪದ್ಧತಿ ನಡೆದುಬಂದಿತ್ತು: ಸೊಸೆಯ ಧಾರೆ ಸೀರೆಯನ್ನು ಅತ್ತೆಯೇ ನೇಯಬೇಕು, ನೇಯ್ದು ಮುಗಿದ ಸೀರೆಯನ್ನು ಮಗ್ಗದಿಂದ ಕೊಯ್ದು ಇಳಿಸುವವನು ಮದುಮಗನೇ ಆಗಬೇಕು. ದಾದಾಪೀರನು ಅದಕ್ಕೆಂದು ದಾಳಿಂಬೆ ಬಣ್ಣದ ನೂಲನ್ನು ಮೂರು ದಿನ ಕಾದು ಅದ್ದಿ ಕೊಟ್ಟನು. ಮಾರುವ ಸೀರೆಗಳ ನಡುವೆ ಬಿಡುವು ಮಾಡಿಕೊಂಡು ನೇಯುವ ಕೆಲಸವಾದ್ದರಿಂದ ಡಿಸೆಂಬರಿನಲ್ಲಿ ಸೀರೆ ಇನ್ನೂ ಅರ್ಧವಾಗಿತ್ತು.

ಡಿಸೆಂಬರ್ ಹದಿಮೂರರಂದು ದಿಲ್ಲಿಯಲ್ಲಿ ಸಂಸತ್ತಿನ ಮೇಲೆ ದಾಳಿಯಾಯಿತು. ಅದನ್ನು ಬಿಟ್ಟು ಓದುವಂತಿರಲಿಲ್ಲ. ಓಣಿಯ ಟೀವಿಗಳೆಲ್ಲ ಅದನ್ನೇ ಕೂಗುತ್ತಿದ್ದವು. ಆದರೆ ಆಮೇಲಿನ ದಿನಗಳಲ್ಲಿ ಪತ್ರಿಕೆ ಬರೆದದ್ದನ್ನು ಅವನು ಓದಲಿಲ್ಲ. ಭಾನುವಾರದ ಪತ್ರಿಕೆಯಲ್ಲಿ ಹೀಗಿತ್ತು: ಗಡಿಗೆ ಸೈನ್ಯ ಕಳಿಸುವ ಆಲೋಚನೆ ನಡೆದಿದೆ, ಎರಡೂ ದೇಶಗಳಲ್ಲಿ ಅಣ್ವಸ್ತ್ರ ಇರುವುದರಿಂದ ಈ ಏರಿಕೆ ಎಲ್ಲಿ ಹೋಗಿ ನಿಲ್ಲುವುದೆಂದು ಯಾರೂ ಹೇಳಲಾರರು. ದಾದಾಪೀರನು ಅದನ್ನು ಬೆಳಿಗ್ಗೆ ಮನೆಯ ಕಟ್ಟೆಯ ಮೇಲೆ ಕುಳಿತು ಓದಿಕೊಂಡನು. ಶೆಡ್ಡಿನಲ್ಲಿ, ಗೋದಿಯ ಧಾರಣೆಯಿಂದ ಓದು ಸುರುಮಾಡಿದನು.

ಅಂದು ಹನ್ನೊಂದು ಗಂಟೆಗೆ ಸಂಜುವಿನ ಫೋನು ಬರುವ ಹೊತ್ತು. ನೇಕಾರರ ಸಂಘದ ಕಚೇರಿಯಲ್ಲಿದ್ದ ಫೋನಿಗೆ ಅವನು ವಾರಕ್ಕೊಮ್ಮೆ ಮಾತಾಡುತ್ತಿದ್ದನು. ಅಕ್ಷರ ಬಾರದ, ಯಂತ್ರವೆಂದರೆ ಅಂಜುವ ದ್ಯಾಮವ್ವ ಯಾವಾಗಲೂ ದಾದಾಪೀರನನ್ನು ಜೊತೆಗೆ ಕರೆದುಕೊಂಡು ಹೋಗುವಳು. ಅಂದು ಕಚೇರಿಯಲ್ಲಿ ಗುಮಾಸ್ತನಲ್ಲದೆ ಆ ಜವಳಿ ದಲಾಲನೂ ಕುಳಿತಿದ್ದನು.

ಸಂಜುವಿನ ಧ್ವನಿ ರಿಸೀವರಿನಿಂದ ಹೊರಗೂ ಕೇಳುವಷ್ಟು ದೊಡ್ಡದಾಗಿತ್ತು. “ಅವ್ವಾ, ರಜಾ ಮಂಜೂರಾಗೇತಿ. ನಾಳೇನ ಬಿಡಬಹುದು. ಆದ್ರ ನಮ್ಮಿಬ್ಬರಾಗ ಒಬ್ಬರಿಗೇ ಐತಿ. ಹಿರೇಹಂದಿಗೋಳದ ಉಳವಪ್ಪ ಅಂತ ಹೇಳಿದ್ನೆಲ್ಲ, ಅವನ ಹೇಣ್ತಿಗೆ ದಿನಾ ತುಂಬ್ಯಾವು. ನೀ ಹ್ಞೂಂ ಅಂದ್ರ ಅಂವಗ ಬಿಡ್ತೀನಿ, ನಾ ಮಾರ್ಚದಾಗ ಬರ್ತೀನಿ. ಇಲ್ಲಿ ಮತ್ತ ಏನೋ ಗದ್ದಲಾ ಸುರು ಆಗೂವಂಗ ಕಾಣತೈತಿ. ಆದ್ರ ನಮಗ ಯಾರೂ ಏನೂ ಹೇಳೂದಿಲ್ಲ. ಪೇಪರದಾಗ ಏನು ಬರದಾರ?”

ದ್ಯಾಮವ್ವ ರಿಸೀವರನ್ನು ಎದೆಗೆ ಒತ್ತಿಕೊಂಡು ತಿರುಗಿದಳು. “ಅಣ್ಣಾ, ಪೇಪರದಾಗ ಏನೈತಿ?”

ದಾದಾಪೀರನು ಬಾಯಿ ತೆರೆದನು. ದಲಾಲನು ಜಗಿಯುವುದನ್ನು ನಿಲ್ಲಿಸಿ, ಈ ಬಾಯಿಂದ ಏನು ಬರುವುದೋ ನೋಡೋಣ ಎಂಬಂತೆ ಅವನನ್ನೇ ನೋಡುತ್ತಿದ್ದನು. ದ್ಯಾಮವ್ವನ ಕಣ್ಣುಗಳು ಅಗಲವಾಗಿದ್ದವು.

“ಏನಿಲ್ಲ ತಂಗಿ. ಮಾತುಕತಿ ನಡದೈತಿ. ತಣ್ಣಗಾಗತೈತಿ.”

ಅವಳು ನಿಟ್ಟುಸಿರು ಬಿಟ್ಟು ಫೋನಿನಲ್ಲಿ ಹೇಳಿದಳು: “ಏನಿಲ್ಲಂತಪಾ, ದಾದಾಪೀರಣ್ಣ ಹೇಳ್ತಾನ. ಹಂಗಾರ ಅಂವನ್ನ ಕಳಸು, ಪಾಪ, ಬಸರಿ ಹೆಂಗಸು ದಾರಿ ನೋಡತಿರತಾಳ. ನಿನ್ನ ಸೀರಿ ಇನ್ನಾ ಅರ್ಧಾ ಆಗೇತಿ. ಈಗ ಬಂದು ಏನು ಕೊಯ್ತೀ? ಮಾರ್ಚದಾಗ ಬಾ.”

“ಆತವ್ವಾ,” ಎಂದನು ಸಂಜು. ಆಮೇಲೆ ಊಟದ ಮಾತು, ಚಳಿಯ ಮಾತು. ಅಷ್ಟರಲ್ಲಿ ಫೋನು ಕಡಿಯಿತು.

ಅದೇ ವಾರದಲ್ಲಿ ಗಡಿಯುದ್ದಕ್ಕೂ ಸೈನ್ಯ ಹೊರಟಿತು. ರಜೆಗಳೆಲ್ಲ ರದ್ದಾದವು. ದಾದಾಪೀರನು ಆಗಲಾದರೂ ಎಲ್ಲವನ್ನೂ ಓದಬೇಕೆಂದುಕೊಂಡನು. ಆದರೆ ಈಗ ಓದಿದರೆ, ಮೊದಲೇ ಯಾಕೆ ಓದಲಿಲ್ಲವೆಂಬ ಪ್ರಶ್ನೆ ಬರುವುದು. ಆದ್ದರಿಂದ ಮತ್ತೂ ತಗ್ಗಿಸಿ ಓದಿದನು. ದ್ಯಾಮವ್ವ ಟೀವಿಯಲ್ಲಿ ತೋಪಿನ ಗಾಡಿಗಳನ್ನು ನೋಡಿ ಬಂದು ಕೇಳಿದಾಗ, “ಟೀವಿಯವ್ರು ಸುಮ್ಮ ಒದರತಾರ” ಎಂದನು.

ಜನವರಿಯ ಎರಡನೆಯ ವಾರ ಸಂಘದ ಕಚೇರಿಯ ಫೋನು ಹೊತ್ತಲ್ಲದ ಹೊತ್ತಿನಲ್ಲಿ ರಿಂಗಣಿಸಿತು. ಯುದ್ಧವಾಗಿರಲಿಲ್ಲ. ಸಂಜು ಇದ್ದ ಕಡೆ ಒಂದು ಗುಂಡೂ ಹಾರಿರಲಿಲ್ಲ. ರಾಜಸ್ಥಾನದ ಗಡಿಯಲ್ಲಿ, ಶತ್ರು ಬಂದರೆ ತಡೆಯಲೆಂದು, ರೈತರ ಹೊಲಗಳಲ್ಲಿ ನೆಲಬಾಂಬು ಹುಗಿಯುತ್ತಿದ್ದಾಗ ಒಂದು ಬಾಂಬು ಕೈಯಲ್ಲೇ ಸಿಡಿದಿತ್ತು. ಸಂಜು ಮತ್ತು ಅವನ ಜೊತೆಯ ಇನ್ನೊಬ್ಬನು ಅಲ್ಲೇ ತೀರಿಕೊಂಡಿದ್ದರು.

ಸೈನ್ಯದ ಗಾಡಿಯಲ್ಲಿ ಪೆಟ್ಟಿಗೆ ಬಂತು. ಪೆಟ್ಟಿಗೆಯನ್ನು ತೆರೆಯಬಾರದೆಂದು ಹೇಳಿದರು. ಓಣಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಎಲ್ಲರಿಗಿಂತ ಗಟ್ಟಿಯಾಗಿ ಜೈಕಾರ ಕೂಗಿದವನು ಆ ಜವಳಿ ದಲಾಲನೇ. ಕೂಗುವಾಗ ಅವನ ಕಣ್ಣಲ್ಲಿ ನಿಜವಾಗಿ ನೀರಿತ್ತು. ದಾದಾಪೀರನು ಪೆಟ್ಟಿಗೆಗೆ ಹೆಗಲು ಕೊಡಲು ಮುಂದೆ ಬಂದು, ಮತ್ತೆ ಹಿಂದೆ ಸರಿದನು. ಕಲ್ಲಣ್ಣನೇ ಕೈಹಿಡಿದು ಎಳೆದುಕೊಂಡನು: “ಬಾರೋ ದಾದಾ, ನೀ ಎತ್ತಿ ಆಡಿಸಿದ ಹುಡುಗ.”

ಪೆಟ್ಟಿಗೆಯ ಜೊತೆಗೆ ಬಂದ ಸಿಪಾಯಿಗಳಲ್ಲಿ ಉಳವಪ್ಪನೂ ಇದ್ದನು. ಸಂಜೆ ಜನ ಕರಗಿದ ಮೇಲೆ ಅವನು ದ್ಯಾಮವ್ವನ ಮುಂದೆ ನೆಲದ ಮೇಲೆ ಕುಳಿತು ತಲೆ ಎತ್ತಲಿಲ್ಲ.

“ನನ್ನ ರಜಾನೂ ಪೂರಾ ಆಗಲಿಲ್ಲವ್ವಾ. ಇಪ್ಪತ್ತಕ್ಕ ಊರು ಮುಟ್ಟಿದೆ, ಇಪ್ಪತ್ನಾಲ್ಕಕ್ಕ ತಾರು ಬಂತು, ಹೊಳ್ಳಿ ಬಾ ಅಂತ. ಅಂವಾ ಬಂದಿದ್ರೂ ಹಂಗ ಆಗತಿತ್ತು.”

“ಎಷ್ಟು ದಿನಾ ಆತದು?”

“ನಾಕು ದಿನಾ.”

“ಕೂಸಿನ ಮಾರಿ ನೋಡಿದ್ಯಾ?”

“ನೋಡಿದೆ ಅವ್ವಾ. ಇಪ್ಪತ್ತೆರಡಕ್ಕ ಹುಟ್ಟಿತು.”

“ಚಲೋ ಆತು,” ಎಂದಳು ದ್ಯಾಮವ್ವ.

ಬಾಗಿಲ ಮರೆಯಲ್ಲಿ ನಿಂತಿದ್ದ ದಾದಾಪೀರನು ಆ ಮಾತುಗಳನ್ನು ಕೇಳಿದನು. ಆಮೇಲೆ ಅವನಿಗೆ ಯಾರು ಎಷ್ಟು ಸಮಾಧಾನ ಹೇಳಿದರೂ ಹತ್ತಲಿಲ್ಲ. ಸಂಜು ಬಂದಿದ್ದರೆ ಉಳಿಯುತ್ತಿದ್ದನೆಂದು ಅವನೂ ನಂಬಲಿಲ್ಲ. ತಾರು ಬರುತ್ತಿತ್ತು, ಹೋಗುತ್ತಿದ್ದನು, ಅದೇ ಹೊಲದಲ್ಲಿ ಅದನ್ನೇ ಹುಗಿಯುತ್ತಿದ್ದನು. ಆದರೆ ನಾಲ್ಕು ದಿನ. ನಾಲ್ಕು ದಿನ ಅವನು ಈ ಓಣಿಯಲ್ಲಿ ತಿರುಗಾಡುತ್ತಿದ್ದನು, ತಾಯಿಯ ಕೈಯ ಬಿಸಿ ರೊಟ್ಟಿ ತಿನ್ನುತ್ತಿದ್ದನು. ಆ ನಾಲ್ಕು ದಿನಗಳನ್ನು ತಾನೇ ಕಸಿದುಕೊಂಡಿದ್ದನು.

ಸೂತಕದ ದಿನಗಳೆಲ್ಲ ಮುಗಿದ ಮೇಲೆ ದ್ಯಾಮವ್ವ ಮಗ್ಗಕ್ಕೆ ಬಂದಳು. ದಾಳಿಂಬೆ ಬಣ್ಣದ ಹಾಸು ನೂಲು ಮಗ್ಗದ ಮೇಲೆಯೇ ಇತ್ತು. ಅದನ್ನು ಮುಗಿಸದೆ ಬೇರೆ ಹಾಸು ಏರಿಸುವಂತಿರಲಿಲ್ಲ. ಹನ್ನೊಂದು ದಿನ ನೇಯ್ದಳು. ಮುಗಿದಾಗ ಕತ್ತರಿ ತೆಗೆದುಕೊಂಡು ತಾನೇ ಕೊಯ್ದು, ಮಡಿಸಿ, ಉಳಿದ ಸೀರೆಗಳ ಜೊತೆಗೆ ದಲಾಲನ ಗಂಟಿನಲ್ಲಿ ಇಟ್ಟಳು.

ದಾದಾಪೀರನು ಕಣ್ಣು ಮಂಜಾಗಿದೆಯೆಂದು ಹೇಳಿ ಓದುವುದನ್ನು ಬಿಟ್ಟನು. ಲಡಿಗಳನ್ನು ಬಾಗಿಲಲ್ಲಿ ಇಳಿಸಿ ಹಾಗೇ ತಿರುಗುವನು. ಒಂದು ದಿನ ತಡೆಯಲಾರದೆ ದಿಲಶಾದಬಿಗೆ ಎಲ್ಲವನ್ನೂ ಹೇಳಿದನು. ಅವಳು ಒಲೆಯ ಉರಿ ತಗ್ಗಿಸಿದಳು.

“ಆಕಿಗೆ ಹೇಳಬ್ಯಾಡ್ರಿ,” ಎಂದಳು ಆಮೇಲೆ. “ಹೇಳಿದ್ರ ಆಕಿಗೇನು ಹೊಳ್ಳಿ ಬರತೈತಿ? ಈ ದಿನಮಾನದಾಗ ನಾವು ಹೇಳೂದು ಒಂದು, ಮಂದಿ ತಿಳಕೊಳ್ಳೂದು ಒಂದು. ನಾವು ಈ ಓಣ್ಯಾಗ ಇರಬೇಕೋ ಬ್ಯಾಡೋ?”

ಅವಳ ಮಾತಿನಲ್ಲಿ ಸುಳ್ಳಿರಲಿಲ್ಲ. ಅವನು ದ್ಯಾಮವ್ವನಿಗೆ ಹೇಳಲು ಹೋಗಲಿಲ್ಲ.

ಮೇ ತಿಂಗಳ ಕೊನೆಗೆ ಎಲ್ಲವೂ ಮತ್ತೆ ಬಿಸಿಯೇರಿತು. ಎರಡೂ ಕಡೆ ಲಕ್ಷಗಟ್ಟಲೆ ಸೈನ್ಯ ಎದುರುಬದುರು ನಿಂತಿತ್ತು. ಹೊರದೇಶದವರು ತಮ್ಮ ಜನರಿಗೆ ದಿಲ್ಲಿ ಬಿಟ್ಟು ಬನ್ನಿ ಎಂದು ಹೇಳತೊಡಗಿದರು. ಬೆಟಗೇರಿಯಲ್ಲಿಯೂ ಜನ ಬಾಂಬಿನ ಮಾತನ್ನೇ ಆಡಿದರು. ಕಾರವಾರದ ಕಡೆ ಹಾಕಿದರೆ ಗಾಳಿ ಗದಗಿಗೆ ಬರುತ್ತದೆಯೇ ಎಂಬುದು ಹೊಳೆಯಪ್ಪನ ಚಿಂತೆ. “ಬಂದ್ರ ಬರ್ಲಿ, ನಡುವ ಘಟ್ಟ ಅಡ್ಡ ಬರತೈತಿ” ಎಂದು ತಾನೇ ಉತ್ತರ ಹೇಳಿಕೊಂಡನು, ಆದರೆ ನಗಲಿಲ್ಲ.

ಕಲ್ಲಣ್ಣ ಒಂದು ಬೆಳಿಗ್ಗೆ ದಾದಾಪೀರನ ಹೆಗಲಿನ ಲಡಿಗಳನ್ನು ತಾನೇ ಇಳಿಸಿ, ಅವನ ಕೈಗೆ ಪತ್ರಿಕೆ ಕೊಟ್ಟನು.

“ನಿನ್ನ ಕಣ್ಣಿಗೆ ಏನಾಗಿಲ್ಲ ಅಂತ ನನಗ ಗೊತ್ತೈತಿ. ಓದು. ಮಂದಿ ಬಾಯಿ ಕೇಳಿ ಕೇಳಿ ತಲಿ ಕೆಟ್ಟೈತಿ. ಖರೆ ಏನೈತಿ ಅಷ್ಟು ಓದು.”

ಅಂದು ಪತ್ರಿಕೆಯ ಒಂದು ಇಡೀ ಪುಟದಲ್ಲಿ ಅಣುಸಮರದ ಏರಿಕೆಯೆಂದರೇನೆಂದು ಬರೆದಿದ್ದರು. ದಾದಾಪೀರನು ಕಲ್ಲಿನ ಮೇಲೆ ಕುಳಿತನು. ಧ್ವನಿ ಮೊದಲು ಒಡೆಯಿತು, ಆಮೇಲೆ ಹದಕ್ಕೆ ಬಂತು. ಎಚ್ಚರಿಕೆಯ ಮಾತು, ಸೈನ್ಯದ ಜಮಾವಣೆ, ಗಡಿಯಲ್ಲಿ ನೆಲಬಾಂಬು, ಸಣ್ಣ ಕಾಳಗ, ದೊಡ್ಡ ಯುದ್ಧ, ಸೋಲುವವನು ಕಡೆಗೆ ಎತ್ತುವ ಅಣುಬಾಂಬು ಎಂದು ಒಂದೊಂದಾಗಿ ಬರೆದಿತ್ತು. ಪ್ರತಿಯೊಂದು ಹಂತವನ್ನೂ ಎದುರಿನವನನ್ನು ಹೆದರಿಸಿ ಇಳಿಸಲೆಂದೇ ಏರುತ್ತಾರೆ. ಹೆದರಿದವನು ಇಳಿಯುವ ಬದಲು ಏರುತ್ತಾನೆ. ಆದ್ದರಿಂದ ಮೊದಲ ಹಂತವೂ ಕಡೆಯ ಹಂತದ ನೆರಳಿನಲ್ಲಿಯೇ ಇರುತ್ತದೆ ಎಂದಿತ್ತು. ಅವನು ಒಂದಕ್ಷರವನ್ನೂ ಬಿಡಲಿಲ್ಲ.

ಬಾಗಿಲ ಬಳಿಯ ಲಾಳಿ ನಿಂತಿತು.

“ಅಣ್ಣಾ,” ಎಂದಳು ದ್ಯಾಮವ್ವ. “ಅಷ್ಟರಾಗ ನನ್ನ ಸಂಜು ಎಷ್ಟನೇದರಾಗ ಇದ್ದ?”

ಒಂದೊಂದಾಗಿ ಉಳಿದ ಮಗ್ಗಗಳೂ ನಿಂತವು.

“ಮೂರನೇದರಾಗ ತಂಗಿ. ಕೆಳಗಿಂದರಾಗ.”

“ಮ್ಯಾಲಿಂದಕ್ಕ ಹೋಗಲೇ ಇಲ್ಲ?”

“ಇಲ್ಲ. ಯಾರೂ ಹೋಗಿಲ್ಲ.”

ಅವಳು ಹಾಸಿನ ಎಳೆಗಳನ್ನು ಬೆರಳಿನಿಂದ ಸವರಿದಳು. ಆಮೇಲೆ ಕೇಳಿದಳು: “ನಾ ಫೋನ್ ಹಿಡಕೊಂಡು ಕೇಳಿದ ದಿನಾ ಇದೆಲ್ಲಾ ಪೇಪರದಾಗ ಇತ್ತೇನು?”

ಇಲ್ಲವೆಂದು ಹೇಳಬಹುದಾಗಿತ್ತು. ಆರು ತಿಂಗಳ ಹಿಂದಿನ ಪತ್ರಿಕೆ; ಎಂದೋ ರದ್ದಿಗೆ ಹೋಗಿತ್ತು. ದಿಲಶಾದಬಿಯ ಮಾತು ಅವನ ಕಿವಿಯಲ್ಲಿತ್ತು. ದಾದಾಪೀರನು ಕನ್ನಡಕ ತೆಗೆದು ಮಡಿಲಲ್ಲಿ ಇಟ್ಟುಕೊಂಡನು.

“ಇತ್ತು. ಮುಂಜಾನೇನ ಓದಿದ್ದೆ. ದಂಡು ಹೋಗತೈತಿ ಅಂತ ಬರದಿದ್ರು. ನಾ ನಿನಗ ಹೇಳಲಿಲ್ಲ.”

“ಯಾಕ?”

“ನೀ ಅಂಜತೀ ಅಂತ.” ಅವನು ಪತ್ರಿಕೆ ಮಡಿಸಿದನು. “ಅದೊಂದ ಅಲ್ಲ. ಎದುರಿಗೆ ಆ ದಲಾಲ ಕುಂತಿದ್ದ. ಯುದ್ಧ ಬರತೈತಿ ಅಂತ ನನ್ನ ಬಾಯಿಂದ ಬಂದ್ರ ಅಂವಾ ಏನಂತಾನೋ ಅಂತ ಅಂಜಿದೆ. ಎರಡರಾಗ ಯಾವುದು ದೊಡ್ಡದು ಅಂತ ಈಗೂ ನನಗ ತಿಳಿವಲ್ದು. ಕಾರ್ಗಿಲದಾಗಿಂದ ಹಂಗ ಮಾಡಕೋಂತ ಬಂದೀನಿ. ಭಾಳ ಸಾಲು ಬಿಟ್ಟೀನಿ ತಂಗಿ.”

ಹೊಳೆಯಪ್ಪ ಏನೋ ಹೇಳಲು ಹೋದನು. ಕಲ್ಲಣ್ಣ ಕೈ ಎತ್ತಿ ತಡೆದನು.

ದ್ಯಾಮವ್ವ ಅಳಲಿಲ್ಲ, ಒದರಲಿಲ್ಲ. “ನಾ ಕೇಳಿದ್ದು ಪೇಪರದಾಗ ಏನೈತಿ ಅಂತ,” ಎಂದಳು. “ನಿನ್ನ ಮನಸಿನಾಗ ಏನೈತಿ ಅಂತ ಕೇಳಿದ್ದಿಲ್ಲ. ನನಗ ಅಕ್ಷರಾ ಬರೂದಿಲ್ಲ ಅಂತನ ನಿನ್ನ ಕರಕೊಂಡು ಹೋಗಿದ್ದೆ. ಅಂಜೂದು ನನ್ನ ಪಾಲಿಂದು. ಅದನ್ನ ನನಗ ಬಿಡಬೇಕಾಗಿತ್ತು.”

ಅವಳು ಎದ್ದು ಮನೆಗೆ ಹೋದಳು. ಮರುದಿನ ಅವಳ ಮಗ್ಗದ ನೂಲು ಗದಗಿನ ಬೇರೆ ಬಣ್ಣಗಾರನಿಂದ ಬಂತು.

ಅವನು ಅಂಜಿದ್ದ ಮಾತು ಓಣಿಯಲ್ಲಿ ಹುಟ್ಟದೆ ಇರಲಿಲ್ಲ. ಸಾಬರು ಬೇಕೆಂದೇ ಮುಚ್ಚಿಟ್ಟರೆಂದು ಒಂದಿಬ್ಬರು ಆಡಿದರು. ಆ ಮಾತು ದ್ಯಾಮವ್ವನ ಬಾಗಿಲಿಗೂ ಹೋಯಿತು. ಹೇಳಲು ಬಂದ ಹೆಂಗಸಿಗೆ ಅವಳು, “ಅದು ನನ್ನ ಅಂವನ ನಡುವಿಂದು. ನಿನ್ನ ಹಾಸು ಸಿಕ್ಕಾಗೇತಿ, ಹೋಗಿ ಬಿಡಿಸ್ಕೋ ಹೋಗು” ಎಂದು ಹೇಳಿ ಬಾಗಿಲು ಮುಚ್ಚಿದಳು. ಆದರೆ ದಾದಾಪೀರನು ಎದುರಿಗೆ ಬಂದರೆ ಅವಳು ಓಣಿಯ ಆಚೆ ಬದಿಗೆ ಸರಿಯುತ್ತಿದ್ದಳು. ಅಣ್ಣಾ ಎಂಬ ಕರೆ ನಿಂತುಹೋಯಿತು.

ಓದು ಮಾತ್ರ ನಿಲ್ಲಲಿಲ್ಲ. ಕಲ್ಲಣ್ಣನೇ ಬಿಡಲಿಲ್ಲ. ದಾದಾಪೀರನು ಈಗ ಪ್ರತಿಯೊಂದನ್ನೂ ಓದುತ್ತಿದ್ದನು: ಸತ್ತವರ ಸಂಖ್ಯೆ, ಊರು, ಮಂತ್ರಿಗಳ ಬೆದರಿಕೆ, ಎರಡೂ ಕಡೆಯವು. ದಲಾಲ ಬಂದು ನಿಂತರೂ ಧ್ವನಿ ತಗ್ಗಿಸಲಿಲ್ಲ. ಅವನು ಓದುವಷ್ಟು ಹೊತ್ತೂ ದ್ಯಾಮವ್ವ ಮಗ್ಗ ಬಿಟ್ಟು ಹಿಂದಿನ ಅಂಗಳದಲ್ಲಿ ಲಾಳಿಯ ಕಂಡಿಕೆಗೆ ನೂಲು ಸುತ್ತುತ್ತ ಕೂಡುವಳು. ಓದು ಮುಗಿಯಿತೆಂದು ಗೊತ್ತಾದ ಮೇಲೆ ಒಳಗೆ ಬರುವಳು. ಬೇಸಿಗೆ ಕಳೆದು ಮಳೆಗಾಲವೂ ಹೀಗೆಯೇ ಹೋಯಿತು. ಅವನಿಗೆ ಊಟ ಸೇರದಾಯಿತು. ಬಣ್ಣ ಅದ್ದುವಾಗ ಎಣಿಕೆ ತಪ್ಪಿ ಎರಡು ಸಲ ನೂಲು ಕೆಟ್ಟಿತು. “ಹೇಳಬ್ಯಾಡ್ರಿ ಅಂದಿದ್ದೆ” ಎಂದು ದಿಲಶಾದಬಿ ಒಮ್ಮೆ ಕೂಡ ಅನ್ನಲಿಲ್ಲ. ಅದೇ ಅವನಿಗೆ ಭಾರವಾಗಿತ್ತು.

ಅಕ್ಟೋಬರದಲ್ಲಿ ಸೈನ್ಯವನ್ನು ಹಿಂದಕ್ಕೆ ಕರೆಸುವ ತೀರ್ಮಾನವಾಯಿತು. ಪತ್ರಿಕೆ ಬಂದ ದಿನ ಶೆಡ್ಡಿನಲ್ಲಿ ಎಲ್ಲರಿಗೂ ಸುದ್ದಿ ಮೊದಲೇ ಗೊತ್ತಿತ್ತು. ದಾದಾಪೀರನು ಕಲ್ಲಿನ ಮೇಲೆ ಕುಳಿತು ಕನ್ನಡಕ ಹಾಕಿಕೊಳ್ಳುವಾಗ ಹಿತ್ತಲಿನ ಬಾಗಿಲಿನಿಂದ ದ್ಯಾಮವ್ವ ಒಳಗೆ ಬಂದಳು. ಕೈಯಲ್ಲಿ ಅರ್ಧ ಸುತ್ತಿದ ಕಂಡಿಕೆಯಿತ್ತು. ತನ್ನ ಮಗ್ಗದ ಹತ್ತಿರ ಹೋಗದೆ, ಅವನಿಂದ ನಾಲ್ಕು ಮೊಳ ದೂರದಲ್ಲಿ ನೆಲದ ಮೇಲೆ ಕುಳಿತಳು.

“ಓದು,” ಎಂದಳು. “ಒಂದಕ್ಷರಾ ಬಿಡಬ್ಯಾಡ.”

ಅವನು ಓದಿದನು. ಹತ್ತು ತಿಂಗಳು ಎದುರುಬದುರಾಗಿ ನಿಂತ ಸೈನ್ಯಗಳು ಹಿಂದೆ ಸರಿಯಲಿವೆ. ಅಣುಸಮರದ ಅಂಚಿಗೆ ಹೋಗಿದ್ದ ಎರಡು ದೇಶಗಳು ಕೆಳಗೆ ಇಳಿದಿವೆ. ಅದರ ಕೆಳಗಿನ ಸಾಲನ್ನು ಅವನ ಕಣ್ಣು ಮೊದಲೇ ಕಂಡಿತು. ನಾಲಿಗೆ ಒಂದು ಕ್ಷಣ ತಡೆಯಿತು. ದ್ಯಾಮವ್ವ ತಲೆ ಎತ್ತಿ ಅವನ ಬಾಯನ್ನೇ ನೋಡುತ್ತಿದ್ದಳು. ಅವನು ಓದಿದನು:

“ಒಂದೇ ಒಂದು ಜೀವಹಾನಿಯೂ ಇಲ್ಲದೆ ಯುದ್ಧ ತಪ್ಪಿದಂತಾಗಿದೆ.”

ಐದು ಮಗ್ಗಗಳೂ ನಿಂತಿದ್ದವು. ಹೊರಗೆ ಯಾರದೋ ಸೈಕಲ್ಲಿನ ಗಂಟೆ ಕೇಳಿ ದೂರವಾಯಿತು.

“ಹಂಗ ಬರದಾರೇನು?”

“ಹಂಗ ಬರದಾರ ತಂಗಿ. ನಾ ಏನೂ ಸೇರಿಸಿಲ್ಲ.”

“ಗೊತ್ತಾತು.” ಅವಳು ಕಂಡಿಕೆಯ ಎಳೆಯನ್ನು ಹಲ್ಲಿನಿಂದ ಕಡಿದು, ತುದಿಯನ್ನು ಸುತ್ತಿ ಸಿಕ್ಕಿಸಿದಳು. “ಪೇಪರಿನವ್ರೂ ನಿನ್ಹಂಗ ಬಿಟ್ಟು ಓದತಾರೇನಣ್ಣಾ?”

ದಾದಾಪೀರನು ಬಣ್ಣದ ಬೆರಳನ್ನು ಆ ಸಾಲಿನ ಮೇಲೆ ಇಟ್ಟನು.

“ಮುಂದಿಂದು ಓದು,” ಎಂದಳು ದ್ಯಾಮವ್ವ.